ಎದ್ಯಾಗಿನ ಸಂಕಟ

ಮಗಳೇ, ನಿಲಂಗಾ ತಾಲ್ಲೂಕಿನ ಉಪಕೇಂದ್ರಕ್ಕೆ ಸಮುದಾಯ ಆರೋಗ್ಯ ಅಧಿಕಾರಿಯಾಗಿ ನಿನಗೆ ಆರ್ಡರ್ ಬಂತೆಂದು ನಿನ್ನಪ್ಪ ಫೋನ್ ಮಾಡಿದ ದಿನ ಉಮರ್ಗಾದ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದೆ. ನಾನು ನರ್ಸ್‌ಬಾಯಿಯಾಗಿ ಕೆಲಸಕ್ಕೆ ಸೇರಿದಾಗ ನನ್ನ ಹತ್ತಿರ ಥರ್ಮಾಮೀಟರು, ಬಿ.ಪಿ. ಮಷೀನು, ಒಂದು ದಪ್ಪ ರಜಿಸ್ಟರು ಇದ್ದವು. ನಿನ್ನ ಮೇಜಿನ ಮೇಲಿನ ಟ್ಯಾಬಿನಲ್ಲಿ ದೂರದ ಡಾಕ್ಟರನ್ನು ಜೋಡಿಸುವ ಇ-ಸಂಜೀವನಿ ಇರುತ್ತದೆ. ರೋಗಿ ಹೇಳಿದ್ದನ್ನು ನೀನು ಅದರಲ್ಲಿ ತುಂಬಿದರೆ ಒಳಗಿನ ಬುದ್ಧಿವಂತ ತಂತ್ರಾಂಶ ಇನ್ನೂ ನಾಲ್ಕು ಪ್ರಶ್ನೆ ಕೇಳಿ, ಇಂಥಿಂಥ ಕಾಯಿಲೆ ಇರಬಹುದೆಂದು ದೂರದಲ್ಲಿ ಕುಳಿತ ಡಾಕ್ಟರಿಗೆ ಸೂಚಿಸುತ್ತದೆ. ಒಳ್ಳೆಯದೇ. ಹೊಲದ ಕೂಲಿ ಬಿಟ್ಟು, ಬಸ್ಸಿಗೆ ಕಾದು ಲಾತೂರಿಗೆ ಹೋಗುತ್ತಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಊರಲ್ಲೇ ಡಾಕ್ಟರು ಸಿಗುವಂತಾಯಿತು.

ಆದರೂ ನಿನಗೆ ಒಂದು ಮಾತು ಹೇಳಬೇಕು. ಅದನ್ನು ಟ್ರೇನಿಂಗಿನಲ್ಲಿ ಯಾರೂ ಹೇಳಿರಲಾರರು, ಯಾಕೆಂದರೆ ಅದು ನಮ್ಮ ಈ ಕನ್ನಡ-ಮರಾಠಿ ಗಡಿಯ ಮಾತು.

ನನ್ನ ಸರ್ವೀಸಿನ ನಡುವೆ ನಡೆದದ್ದು. ಒಂದು ದವಾಖಾನೆಗೆ ಮುದುಕಿಯೊಬ್ಬಳು ಬಂದಳು. ಆಕೆಗೆ ಸಕ್ಕರೆ ಕಾಯಿಲೆ ಇತ್ತು. ‘ಎದ್ಯಾಗ ಸಂಕಟ ಆಗ್ಲಾಕತ್ತದ’ ಅಂದಳು. ಚೀಟಿ ಬರೆಯುವ ಹುಡುಗ ಮರಾಠಿಯವನು, ಕೆಟ್ಟವನಲ್ಲ. ಮರಾಠಿಯಲ್ಲಿ ಸಂಕಟ ಅಂದರೆ ಬದುಕಿನ ಮೇಲೆ ಬಂದ ಆಪತ್ತು. ಮನೆಯಲ್ಲೇನೋ ತೊಂದರೆ ಇರಬೇಕು, ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂದು ಅವನು ಹಾಗೇ ಬರೆದ. ನಿದ್ದೆ ಬರಲಿ ಎಂದು ಗುಳಿಗೆ ಕೊಟ್ಟು ಕಳಿಸಿದರು. ಸಂಜೆ ನಾನು ಆಕೆಯ ಓಣಿಗೆ ಹೋದಾಗ ಮೈಯೆಲ್ಲಾ ತಣ್ಣಗೆ ಬೆವೆತಿತ್ತು. ಸೊಲ್ಲಾಪುರಕ್ಕೆ ಒಯ್ದೆವು, ಉಳಿಯಲಿಲ್ಲ. ಸಕ್ಕರೆ ಕಾಯಿಲೆಯವರಿಗೆ, ಅದರಲ್ಲೂ ಹೆಂಗಸರಿಗೆ, ಹೃದಯಾಘಾತ ಎಷ್ಟೋ ಸಲ ಎದೆನೋವೇ ಇಲ್ಲದೆ ಬರುತ್ತದೆ. ವಾಕರಿಕೆ, ಬೆವರು, ದಮ್ಮು, ಹೇಳಲಾಗದ ಸುಸ್ತು, ಇಷ್ಟೇ. ಇದನ್ನೆಲ್ಲ ನಮ್ಮ ಮುದುಕಿಯರು ‘ಸಂಕಟ’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಾರೆ.

ಈಗ ಯೋಚನೆ ಮಾಡು. ಆ ಹುಡುಗ ಚೀಟಿಯಲ್ಲಿ ಬರೆದದ್ದನ್ನೇ ನೀನು ತಂತ್ರಾಂಶದಲ್ಲಿ ತುಂಬಿದರೆ ಅದು ಚಿಂತೆ, ನಿದ್ದೆಗೇಡು ಎಂದೇ ಸೂಚಿಸೀತು. ಹೃದಯದ ಹೆಸರು ಆ ಪಟ್ಟಿಯಲ್ಲಿ ಬಾರದೇ ಹೋದೀತು. ದೂರದ ಡಾಕ್ಟರೂ ಅದೇ ಪಟ್ಟಿಯನ್ನು ನೋಡುತ್ತಾರೆ. ತಪ್ಪು ಒಳಗೆ ಹೋದದ್ದು ನಿನ್ನ ಬೆರಳಿನಿಂದ, ಆದರೆ ಹೊರಗೆ ಬರುವಾಗ ಅದಕ್ಕೆ ಕಂಪ್ಯೂಟರಿನ ಮುದ್ರೆ ಬಿದ್ದಿರುತ್ತದೆ. ಆಮೇಲೆ ಅದನ್ನು ಅನುಮಾನಿಸುವವರು ಯಾರು?

ಬಸವಕಲ್ಯಾಣ, ಆಳಂದ ಕಡೆಯಿಂದ ಉಮರ್ಗಾಕ್ಕೆ, ಭಾಲ್ಕಿ, ಕಮಲನಗರದಿಂದ ನಿಲಂಗಾ, ಉದಗೀರಕ್ಕೆ ಸೊಸೆಯಾಗಿ ಬಂದವರ ಮರಾಠಿ ಅಂಗಡಿಗೆ, ಸಂತೆಗೆ ಸಾಕಾಗುತ್ತದೆ. ಮೈಯೊಳಗಿನ ನೋವು ಹೇಳಬೇಕಾದಾಗ ಅವರಿಗೆ ತವರಿನ ಕನ್ನಡವೇ ಬೇಕು. ‘ಹೊರಗಾಗೀನಿ’ ಅಂದರೆ ಮುಟ್ಟು, ‘ಹೊರಕಡಿ ಆಗವಲ್ದು’ ಅಂದರೆ ಮಲಬದ್ಧತೆ. ಒಂದೇ ‘ಹೊರಗೆ’ಯಲ್ಲಿ ಎರಡು ಬೇರೆ ಬೇರೆ ದೂರು. ‘ಮೈಮ್ಯಾಲ ಅಮ್ಮ ಎದ್ದಾಳ’ ಎಂಬುದನ್ನು ಭಾಷಾಂತರ ಮಾಡುವ ಯಂತ್ರಕ್ಕೆ ಕೊಟ್ಟರೆ ಅದು ತಾಯಿ ಎದ್ದು ನಿಂತಳು ಅಂದುಕೊಂಡೀತು, ಇತ್ತ ಮಗುವಿನ ಮೈತುಂಬ ಗುಳ್ಳೆ. ಆದ್ದರಿಂದ ಮೊದಲು ಆಕೆಯ ಮಾತನ್ನು ಆಕೆ ಹೇಳಿದ ಹಾಗೆಯೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೋ. ಎಲ್ಲಿ, ಯಾವಾಗಿಂದ, ಏನು ಮಾಡಿದರೆ ಹೆಚ್ಚಾಗುತ್ತದೆ ಎಂದು ಕೇಳು. ಕೈಯಿಟ್ಟು ತೋರಿಸು ಅನ್ನು. ಟ್ಯಾಬ್ ಮುಟ್ಟುವುದು ಆಮೇಲೆ. ಕಾಲಂ ಖಾಲಿ ಬಿಟ್ಟರೆ ಮುಂದಕ್ಕೆ ಹೋಗದು ಎಂದು ಕೇಳದ ಪ್ರಶ್ನೆಗೆ ‘ಇಲ್ಲ’ ಒತ್ತಬೇಡ.

ಇನ್ನು ಕಾಗದಪತ್ರದ ಸಂಗತಿ. ನಮ್ಮ ಜನ ಯಾವ ಬಸ್ಸು ಮೊದಲು ಸಿಕ್ಕರೆ ಆ ದವಾಖಾನೆಗೆ ಹೋಗುವವರು: ಇಂದು ಲಾತೂರು, ಮೊನ್ನೆ ಬೀದರ, ಹೋದ ವರ್ಷ ಕಲಬುರಗಿ. ಆಭಾ ಎಂಬ ಆರೋಗ್ಯ ಖಾತೆಯ 14 ಅಂಕಿಯ ನಂಬರಿಗೆ ಜೋಡಿಸಿದ ದಾಖಲೆ ಮಾತ್ರ ಪರದೆಯ ಮೇಲೆ ಬರುತ್ತದೆ, ಉಳಿದದ್ದು ಮನೆಯ ಗೂಟಕ್ಕೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿದೆ. ದಾಖಲೆ ಕಾಣದಿದ್ದರೆ ಯಂತ್ರಕ್ಕೆ ಕಾಯಿಲೆಯೂ ಕಾಣದು. ಅಮೆರಿಕದಲ್ಲಿ ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ಆರಿಸುವ ಒಂದು ತಂತ್ರಾಂಶವಿತ್ತು. ಚಿಕಿತ್ಸೆಗೆ ಆಗುವ ಖರ್ಚನ್ನೇ ಅದು ಕಾಯಿಲೆಯ ಅಳತೆ ಎಂದು ಹಿಡಿದಿತ್ತು. ಚಿಕಿತ್ಸೆ ಕಡಿಮೆ ಸಿಕ್ಕಿದ್ದ ಕಪ್ಪುಜನರ ಖರ್ಚೂ ಕಡಿಮೆ, ಹಾಗಾಗಿ ಅವರು ಅದರ ಲೆಕ್ಕದಲ್ಲಿ ಇದ್ದದ್ದಕ್ಕಿಂತ ಆರೋಗ್ಯವಂತರಾಗಿ ಕಂಡರು. 2019 ರಲ್ಲಿ ಸಂಶೋಧಕರು ಇದನ್ನು ಬಯಲಿಗೆ ತಂದರು. ಬೀದರದಲ್ಲಿ ತೋರಿಸಿಕೊಂಡು ಇಲ್ಲಿ ಬಾಳುವ ನಮ್ಮ ಸೊಸೆಯೂ ಖಾಲಿ ಪರದೆಯ ಮೇಲೆ ಆರೋಗ್ಯವಂತಳೇ. ‘ಆ ಚೀಲ ತಗೊಂಡ್ ಬಾರವ್ವಾ’ ಎಂದು ಹೇಳುವುದನ್ನು ಮರೆಯಬೇಡ.

ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಕೆಮ್ಮಿದವರ ಎದೆಯ ಎಕ್ಸ್‌ರೇ ನೋಡಿ ಟಿ.ಬಿ. ಗುಮಾನಿ ಹೇಳುವ ತಂತ್ರಾಂಶವನ್ನು 15 ವರ್ಷ ಮೇಲ್ಪಟ್ಟವರ ತಪಾಸಣೆಗೆ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021 ರಲ್ಲೇ ಹೇಳಿದೆ. ಎಕ್ಸ್‌ರೇ ಓದುವ ಡಾಕ್ಟರಿಲ್ಲದ ಊರಿಗೆ ಅದು ವರವೇ ಸರಿ. ಆದರೆ ಹಳೆಯ, ವಾಸಿಯಾದ ಟಿ.ಬಿ.ಯ ಕಲೆಯನ್ನೂ ಅದು ಹೊಸದೆಂದು ತಿಳಿಯಬಹುದು. ಕಫದ ಪರೀಕ್ಷೆ ಬರುವ ತನಕ ಯಾರ ಮನೆಯ ಮುಂದೆಯೂ ಆ ಹೆಸರು ಎತ್ತಬೇಡ. ಮದುವೆ ಗೊತ್ತಾದ ಹುಡುಗಿಯಾದರೆ ಅದೊಂದು ಮಾತಿಗೆ ಸಂಬಂಧ ಮುರಿಯುತ್ತದೆ.

ಯಂತ್ರವನ್ನು ಪ್ರಶ್ನಿಸುವುದು ಹೊಸದೇನಲ್ಲ. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೈಸಿನ್ ಎಂಬ ತಂತ್ರಾಂಶ ಕಟ್ಟಿದ್ದರು. ರಕ್ತದ ಸೋಂಕಿಗೆ ಯಾವ ಔಷಧ ಎಂದು ಸಲಹೆ ಕೊಡುತ್ತಿತ್ತು. ಅದು ಪ್ರಶ್ನೆ ಕೇಳಿದಾಗ ಡಾಕ್ಟರು ‘ಯಾಕೆ ಕೇಳುತ್ತೀ?’ ಎಂದು ತಿರುಗಿ ಕೇಳಬಹುದಿತ್ತು, ಅದು ತನ್ನ ನಿಯಮವನ್ನು ತೆರೆದು ತೋರಿಸುತ್ತಿತ್ತು. ಆ ಗುಣ ನನಗೆ ಬಹಳ ಹಿಡಿಸಿತು. ನಿನ್ನ ಪರದೆ ಉತ್ತರ ಕೊಡಲಿ, ಬಿಡಲಿ, ನೀನು ‘ಯಾಕೆ’ ಎಂದು ಕೇಳುವುದನ್ನು ಬಿಡಬೇಡ. ಪಟ್ಟಿಗೂ ಎದುರಿಗೆ ಕೂತ ಮನುಷ್ಯನಿಗೂ ತಾಳೆಯಾಗದಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳು: ‘ಸಾಹೇಬ್ರ, ಪೇಶಂಟ್ ನೋಡಿದ್ರ ನನಗ ಹಂಗ ಅನಸವಲ್ದು.’ ಹೆದರಬೇಡ. 2020ರ ಮಾರ್ಚ್ 25 ರ ಟೆಲಿಮೆಡಿಸಿನ್ ಮಾರ್ಗಸೂಚಿ ಸ್ಪಷ್ಟವಾಗಿದೆ: ಕೃತಕ ಬುದ್ಧಿಮತ್ತೆ ಡಾಕ್ಟರಿಗೆ ನೆರವಾಗಬಹುದು, ತಾನೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ.

ಕೊನೆಗೊಂದು ನೆನಪು. 1993ರ ಸೆಪ್ಟೆಂಬರ್ 30, ಗಣಪತಿ ಬಿಟ್ಟು ಬಂದು ಮಲಗಿದ ರಾತ್ರಿ, ಬೆಳಗಾಗುವ ಮೊದಲೇ ಭೂಕಂಪಕ್ಕೆ ಕಿಲ್ಲಾರಿ, ಸಾಸ್ತೂರಿನ ಕಲ್ಲುಮನೆಗಳು ಕುಸಿದವು. ನಾನಿನ್ನೂ ಹೊಸಬಳು. ದೂರದೂರಿಂದ ದೊಡ್ಡ ದೊಡ್ಡ ಡಾಕ್ಟರು ಬಂದಿದ್ದರು. ಗಾಯಗೊಂಡವರ ನಡುವೆ ಕನ್ನಡದ ಮುದುಕಿಯೊಬ್ಬಳು ಯಾರು ಏನು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ‘ಆಯಿ, ಎಲ್ಲಿ ಬ್ಯಾನಿ?’ ಅಂದೆ. ನನ್ನ ಕೈ ಹಿಡಿದು ತನ್ನ ಸೊಂಟದ ಮೇಲಿಟ್ಟುಕೊಂಡಳು. ಮುರಿದಿತ್ತು.

ನಿನ್ನ ಉಪಕೇಂದ್ರದ ಬಾಗಿಲಿಗೂ ಅಂಥ ಒಬ್ಬಳು ಬಂದಾಳು, ಮರಾಠಿಯಲ್ಲಿ ತಡವರಿಸುತ್ತ ನಿಂತಾಳು. ಟ್ಯಾಬ್ ಪಕ್ಕಕ್ಕಿಡು. ‘ಬಾ ಆಯಿ, ಕುಂದ್ರು. ಏನಾಗ್ಯದ?’ ಅನ್ನು.