ಚಿಪ್ ಇಡುವ ಮುನ್ನ ಬಾಯಿ ಬಿಡಿ

ಕೈಯಲ್ಲಿ ಎರಡು ರಾಜ. ಬ್ಲೈಂಡ್, ಅಂದರೆ ಎಲೆ ನೋಡುವ ಮುನ್ನವೇ ಇಬ್ಬರು ಸರದಿಯಂತೆ ಕಟ್ಟಬೇಕಾದ ಪಣ, 200–400. ಸಾವಿರಕ್ಕೆ ಏರಿಸೋಣವೆಂದು 1,000ದ ಒಂದೇ ಒಂದು ಚಿಪ್ ತೆಗೆದು ಮುಂದಿಟ್ಟೆ, ಬಾಯಿ ಬಿಡಲಿಲ್ಲ. ಡೀಲರ್ ಅದನ್ನು 400ಕ್ಕೆ ಸರಿಗಟ್ಟುವ ‘ಕಾಲ್’ ಎಂದು ಘೋಷಿಸಿ 600ರ ಚಿಲ್ಲರೆಯನ್ನು ನನ್ನತ್ತ ತಳ್ಳಿದ. ಅಗ್ಗದ ದರಕ್ಕೆ ಇನ್ನೂ ನಾಲ್ವರು ಒಳಗೆ ಬಂದರು. ಮೇಜಿನ ಮೇಲೆ ಮೊದಲ ಮೂರು ಎಲೆ ಬಿದ್ದಾಗ ಅದರಲ್ಲೊಂದು ಎಕ್ಕ. ಮದುವೆಮನೆಗಳಲ್ಲಿ ಬೆಳಗಾಗುವ ತನಕ ಇಸ್ಪೀಟಾಡಿ ಪಳಗಿದವನು ನಾನು. ನನ್ನ ಮೊದಲ ಲೈವ್ ಟೂರ್ನಮೆಂಟಿನಲ್ಲಿ ನನ್ನನ್ನು ಕೆಡವಿದ್ದು ಮಾತ್ರ ಎಲೆಯಲ್ಲ, ಮೇಜಿನ ಶಾಸ್ತ್ರ.

ಆಗಸ್ಟ್ 2025ರಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೆ ಮೊಬೈಲಿನಲ್ಲಿ ಪೋಕರ್ ಆಡುವ ದಾರಿ ಮುಚ್ಚಿತು. ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ಹಾಗಾಗಿ ಆಸಕ್ತರು ಬಸ್ಸು ಹತ್ತುವುದು ಪಣಜಿಗೆ. ಅಲ್ಲಿ ಮಾಂಡವಿ ನದಿಯಲ್ಲಿ ಲಂಗರು ಹಾಕಿದ ಕ್ಯಾಸಿನೊ ಹಡಗುಗಳಿವೆ. ಟೆಕ್ಸಾಸ್ ಹೋಲ್ಡೆಮ್ ಆಟದಲ್ಲಿ ಕೈಗೆ ಎರಡೆಲೆ, ಮೇಜಿಗೆ ಐದೆಲೆ ಎಂಬುದು ಮತ್ತು ಯಾವ ಜೋಡಣೆ ಯಾವುದಕ್ಕಿಂತ ದೊಡ್ಡದು ಎಂಬುದು ನಿಮಗೆ ಗೊತ್ತಿದೆ ಎಂದುಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ಹೊರಡುವ ಮುನ್ನ

ಗೋವಾ ಕ್ಯಾಸಿನೊಗಳಿಗೆ 21 ತುಂಬದವರಿಗೆ ಪ್ರವೇಶವಿಲ್ಲ. ಹುಟ್ಟಿದ ದಿನಾಂಕವಿರುವ ಮೂಲ ಗುರುತಿನ ಚೀಟಿ, ಜೊತೆಗೆ ಪ್ಯಾನ್ ಕಾರ್ಡ್ ಇರಲಿ. ಚಡ್ಡಿ, ಹವಾಯಿ ಚಪ್ಪಲಿ ಬೇಡ. ಸ್ವೆಟರ್ ಮಾತ್ರ ಮರೆಯಬೇಡಿ. ಹೊರಗೆ ಗೋವಾದ ಸೆಕೆಯಿದ್ದರೂ ಒಳಗೆ ಎಸಿಯ ಚಳಿ, ಅದರಲ್ಲಿ ಹತ್ತು ಗಂಟೆ ಕೂರಬೇಕಾಗಬಹುದು.

ಪ್ರವೇಶ ಶುಲ್ಕದಲ್ಲಿ ಎರಡು ಭಾಗ: ಒಂದು ಬಹುಮಾನದ ನಿಧಿಗೆ, ಇನ್ನೊಂದು ಆಯೋಜಕರ ಜೇಬಿಗೆ. ಆಯೋಜಕರ ಪಾಲು ಎಷ್ಟೆಂದು ಮೊದಲೇ ನೋಡಿ. ಇದಕ್ಕಿಂತ ದೊಡ್ಡ ಬಲೆ ‘ರೀ-ಎಂಟ್ರಿ’. ಸೋತು ಹೊರಬಿದ್ದವರು ಗೊತ್ತಾದ ಹೊತ್ತಿನೊಳಗೆ ಮತ್ತೆ ಹಣ ಕಟ್ಟಿ ಒಳಬರಬಹುದು. ಸೋತ ಸಿಟ್ಟಿನಲ್ಲಿ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಒಂದೇ ಸಲವೋ ಎರಡು ಸಲವೋ ಎಂದು ಊರಲ್ಲೇ ತೀರ್ಮಾನಿಸಿ, ಅಷ್ಟೇ ಹಣ ಒಯ್ಯಿರಿ. ಎಟಿಎಂ ಕಾರ್ಡನ್ನು ಹೋಟೆಲ್ ಕೋಣೆಯಲ್ಲೇ ಬಿಡಿ. ಸಾಮಾನ್ಯವಾಗಿ ನೂರು ಪ್ರವೇಶಗಳಲ್ಲಿ ಬಹುಮಾನ ಮುಟ್ಟುವುದು ಹತ್ತು–ಹದಿನೈದಕ್ಕೆ. ಚೆನ್ನಾಗಿ ಆಡುವವರೂ ಹೆಚ್ಚಿನ ಸಲ ಬರಿಗೈಯಲ್ಲಿ ಬರುತ್ತಾರೆ. ಮನೆ ಬಾಡಿಗೆಯ ಹಣ, ಸಾಲದ ಹಣ ಈ ಮೇಜಿಗೆ ಬರಕೂಡದು.

ಮೊದಲು ಓದಬೇಕಾದ ಹಾಳೆ

ಪ್ರತಿ ಟೂರ್ನಮೆಂಟಿಗೂ ‘ಸ್ಟ್ರಕ್ಚರ್ ಶೀಟ್’ ಇರುತ್ತದೆ: ಆರಂಭದ ಚಿಪ್ ಎಷ್ಟು, ಒಂದು ಲೆವೆಲ್ ಎಷ್ಟು ನಿಮಿಷ, ಬ್ಲೈಂಡ್ ಹೇಗೆ ಏರುತ್ತದೆ ಎಂಬುದೆಲ್ಲ ಅದರಲ್ಲಿರುತ್ತದೆ. ಬಹುಮಾನದ ಮೊತ್ತ ನೋಡಿ ಕಣ್ಣರಳಿಸುವವರು ಇದನ್ನು ಓದುವುದಿಲ್ಲ. ಒಂದು ಲೆಕ್ಕ ಹಾಕೋಣ. ನಿಮ್ಮ ಹತ್ತಿರ 25,000 ಚಿಪ್ ಉಳಿದಿದೆ, ಬ್ಲೈಂಡ್ 1,000–2,000, ಜೊತೆಗೆ ಬಿಗ್ ಬ್ಲೈಂಡ್ ಸರದಿಯವರೊಬ್ಬರೇ ಕಟ್ಟುವ ಆಂಟೆ 2,000. ಒಂದೂ ಎಲೆ ಆಡದೆ ಸುಮ್ಮನೆ ಕೂತರೂ ಮೇಜು ಒಂದು ಸುತ್ತು ಬರುವಷ್ಟರಲ್ಲಿ 5,000 ಹೋಗುತ್ತದೆ. ಒಂಬತ್ತು ಜನರ ಮೇಜಿನಲ್ಲಿ ಡೀಲರ್ ಗಂಟೆಗೆ ಸುಮಾರು 30 ಸಲ ಎಲೆ ಹಂಚುತ್ತಾನೆ. ಅಂದರೆ ಐದು ಸುತ್ತಿಗೆ, ಒಂದೂವರೆ ಗಂಟೆಗೆ, ನಿಮ್ಮ ಗಂಟು ಖಾಲಿ. ಅಷ್ಟರಲ್ಲಿ ಬ್ಲೈಂಡ್ ಏರುವುದರಿಂದ ನಿಜದಲ್ಲಿ ಇನ್ನೂ ಬೇಗ. ಎರಡು ಎಕ್ಕ ಬರುವುದು 221 ಸಲಕ್ಕೊಮ್ಮೆ, ಅಂದರೆ ಹೆಚ್ಚುಕಡಿಮೆ ಏಳು ಗಂಟೆಗೊಮ್ಮೆ. ಅದಕ್ಕಾಗಿ ಕಾದು ಕೂತವರನ್ನು ಗಡಿಯಾರವೇ ಹೊರಹಾಕುತ್ತದೆ.

ಆದ್ದರಿಂದ ಲೆವೆಲ್ 15 ನಿಮಿಷದ್ದಾದರೆ ಅದು ಬಹುಪಾಲು ಅದೃಷ್ಟದಾಟ. 30–40 ನಿಮಿಷವಿದ್ದರೆ ಯೋಚಿಸಲು ಪುರುಸೊತ್ತು. ಮೊದಲ ಸಲ ಹೋಗುವವರಿಗೆ ಕಡಿಮೆ ಶುಲ್ಕದ, ಉದ್ದ ಲೆವೆಲ್‌ನ ಆಟವೇ ಸರಿ.

ಮೇಜಿನ ಮುಂದೆ

2001ರಲ್ಲಿ ಹುಟ್ಟಿದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಶನ್ ರೂಪಿಸಿದ ನಿಯಮಗಳನ್ನು ಜಗತ್ತಿನ ಹಲವೆಡೆ ಪಾಲಿಸುತ್ತಾರೆ. ನಾನು ಎಡವಿದ ‘ಒಂದೇ ಚಿಪ್’ ನಿಯಮ ಅಲ್ಲಿಯದೇ: ಎದುರಿಗೆ ಬ್ಲೈಂಡೋ ಪಣವೋ ಇರುವಾಗ ಏನೂ ಹೇಳದೆ ದೊಡ್ಡ ಚಿಪ್ ಒಂದನ್ನಿಟ್ಟರೆ ಅದು ಕಾಲ್. ಹಾಗಾಗಿ ಮೊದಲು ‘ರೇಸ್, ಸಾವಿರ’ ಎಂದು ಹೇಳಿ, ಆಮೇಲೆ ಚಿಪ್ ಇಡಿ. ನಿಮ್ಮ ಸರದಿಯಲ್ಲಿ ಆಡಿದ ಮಾತೇ ಕರಾರು, ಹಿಂತೆಗೆದುಕೊಳ್ಳಲಾಗದು. ಚಿಪ್ಪನ್ನು ಒಂದೇ ಸಲಕ್ಕೆ ಮುಂದಿಡಿ. ಸ್ವಲ್ಪ ಇಟ್ಟು, ಎದುರಿನವರ ಮುಖ ನೋಡಿ, ಮತ್ತೆ ಸ್ವಲ್ಪ ಇಡುವುದು ಸಿನಿಮಾದಲ್ಲಿ ಮಾತ್ರ ನಡೆಯುತ್ತದೆ.

ನಿಮ್ಮ ಎರಡೆಲೆಯ ಮೇಲೆ ಒಂದು ಚಿಪ್ ಇಟ್ಟಿರಿ, ಇಲ್ಲವಾದರೆ ಡೀಲರ್ ಅಪ್ಪಿತಪ್ಪಿ ಅದನ್ನು ಬಾಚಿಬಿಟ್ಟಾನು. ಗೆದ್ದರೂ ಚಿಪ್ಪಿನ ರಾಶಿ ನಿಮ್ಮತ್ತ ಬರುವವರೆಗೆ ಎಲೆ ಕೈಬಿಡಬೇಡಿ. ದೊಡ್ಡ ಬೆಲೆಯ ಚಿಪ್ಪುಗಳು ಎಲ್ಲರ ಕಣ್ಣಿಗೂ ಕಾಣುವಂತಿರಬೇಕು. ಫೋನ್ ಬಂದರೆ ಎದ್ದು ಹೋಗಿ ಮಾತಾಡಿ.

ಹುಬ್ಬಳ್ಳಿಯಿಂದ ಒಂದೇ ಕಾರಿನಲ್ಲಿ ಬಂದ ಗೆಳೆಯರು ಒಂದೇ ಮೇಜಿಗೆ ಬೀಳುವುದುಂಟು. ಆಟ ನಡೆಯುವಾಗ ‘ಬಿಡಲೇ, ಅವನ ಹತ್ರ ಐತಿ’ ಎಂದರೆ ಎಚ್ಚರಿಕೆಯೋ ದಂಡವೋ ಖಚಿತ. ಪರರ ಎಲೆಯ ಬಗ್ಗೆ ಸಲಹೆ ಕೊಡುವಂತಿಲ್ಲ, ಘೋಷಿತ ಭಾಷೆ ಬಿಟ್ಟು ಬೇರೆ ಭಾಷೆಯನ್ನೂ ಆಡುವಂತಿಲ್ಲ. ಗೆಳೆಯನೆಂದು ಸೌಮ್ಯವಾಗಿ ಆಡುವುದೂ ಮೋಸವೇ. ಇದನ್ನು ಒಪ್ಪದ ಗೆಳೆಯನಿದ್ದರೆ ಬೇರೆ ಬೇರೆ ದಿನ ಆಡುವುದು ಒಳ್ಳೆಯದು.

ಗಂಟು ಕರಗುತ್ತಿರುವಾಗ

ಮೊದಲ ಲೆವೆಲ್‌ಗಳಲ್ಲಿ ಅವಸರ ಬೇಡ. ಯಾರು ಕಂಡದ್ದಕ್ಕೆಲ್ಲ ಕೈ ಹಾಕುತ್ತಾರೆ, ಯಾರು ಬಾಯಿ ಮುಚ್ಚಿ ಕಾಯುತ್ತಾರೆ ಎಂದು ನೋಡುತ್ತ ಕೂರಿ. ಎಲ್ಲರ ನಂತರ ಆಡುವ ಸರದಿ, ಅಂದರೆ ಬಟನ್ ನಿಮ್ಮ ಮುಂದಿದ್ದಾಗ, ಹೆಚ್ಚು ಎಲೆಗಳನ್ನು ಆಡಬಹುದು.

ನಿಮ್ಮ ಚಿಪ್ಪನ್ನು ಬಿಗ್ ಬ್ಲೈಂಡ್‌ನಿಂದ ಭಾಗಿಸುವುದನ್ನು ರೂಢಿ ಮಾಡಿಕೊಳ್ಳಿ. ಭಾಗಲಬ್ಧ ಹತ್ತರ ಹತ್ತಿರ ಬಂದರೆ ನಿಮಗುಳಿದ ಆಯ್ಕೆ ಹೆಚ್ಚುಕಡಿಮೆ ಎರಡೇ: ಎಲ್ಲವನ್ನೂ ತಳ್ಳುವುದು ಅಥವಾ ಎಲೆ ಬಿಡುವುದು. ನೀವೇ ಮೊದಲು ‘ಆಲ್ ಇನ್’ ಎಂದರೆ ಗೆಲ್ಲಲು ಎರಡು ದಾರಿ. ಉಳಿದವರೆಲ್ಲ ಹಿಂದೆ ಸರಿಯಬಹುದು, ಇಲ್ಲವೇ ನಿಮ್ಮ ಎಲೆ ಗೆಲ್ಲಬಹುದು. ಬೇರೆಯವರ ಆಲ್ ಇನ್‌ಗೆ ಕಾಲ್ ಮಾಡಿದರೆ ಇರುವುದು ಎರಡನೆಯದೊಂದೇ. ಕಾಲ್ ಮಾಡಲು ಇನ್ನೂ ಗಟ್ಟಿ ಎಲೆ ಬೇಕೆನ್ನುವುದು ಇದಕ್ಕೇ.

ಹದಿನೈದು ಜನರಿಗೆ ಬಹುಮಾನ, ಹದಿನಾರು ಜನ ಉಳಿದಿದ್ದಾರೆ ಎಂದಿಟ್ಟುಕೊಳ್ಳಿ. ಇದೇ ‘ಬಬಲ್’. ಆಗ ಎಲ್ಲ ಮೇಜುಗಳೂ ಒಂದೊಂದೇ ಹ್ಯಾಂಡ್ ಆಡಿ ಒಬ್ಬರಿಗೊಬ್ಬರು ಕಾಯುತ್ತವೆ. ಕಳೆದುಕೊಳ್ಳುವ ಚಿಪ್ಪಿನ ಬೆಲೆ ಗಳಿಸುವ ಚಿಪ್ಪಿಗಿಂತ ಹೆಚ್ಚಾಗುವ ಗಳಿಗೆಯಿದು. ದೊಡ್ಡ ರಾಶಿಯಿದ್ದವರು ಎಲ್ಲರನ್ನೂ ಹೆದರಿಸುತ್ತಾರೆ. ಮಧ್ಯಮ ಗಾತ್ರದವರು ಆ ದೊಡ್ಡವರ ತಂಟೆಗೆ ಹೋಗದಿರುವುದೇ ಕ್ಷೇಮ.

ಗೆದ್ದರೆ

ಪಾವತಿ ಕೌಂಟರಿನಲ್ಲಿ ಪ್ಯಾನ್ ಕೇಳುತ್ತಾರೆ. 10,000 ರೂಪಾಯಿ ಮೀರಿದ ಗೆಲುವಿಗೆ 30% ತೆರಿಗೆಯನ್ನು ಮೂಲದಲ್ಲೇ ಮುರಿದುಕೊಳ್ಳುತ್ತಾರೆ. ಬಸ್ಸು, ಕೋಣೆ, ಹಿಂದಿನ ವಾರ ಸೋತ ಶುಲ್ಕ, ಇದ್ಯಾವುದನ್ನೂ ಆ ಗೆಲುವಿನಿಂದ ಕಳೆದು ತೋರಿಸುವಂತಿಲ್ಲ. ಮುರಿದ ತೆರಿಗೆಯ ಪ್ರಮಾಣಪತ್ರ ಕೇಳಿ ಪಡೆಯಿರಿ, ರಿಟರ್ನ್ಸ್ ತುಂಬುವಾಗ ಬೇಕಾಗುತ್ತದೆ. ನನ್ನ ಎರಡು ರಾಜರಂತೆ ನಿಮ್ಮವೂ ಮುಳುಗಿದರೆ ಈ ಕಾಗದಪತ್ರಗಳ ಗೊಡವೆಯಿಲ್ಲ. ದಡಕ್ಕೆ ಹೋಗುವ ದೋಣಿಯಲ್ಲಿ ಜೊತೆಗೆ ಬೇಕಾದಷ್ಟು ಜನ ಸಿಗುತ್ತಾರೆ.