ವೋಟು ಕೇಳಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ನಿಮ್ಮ ಫ್ಯಾನ್ ಫಿಕ್ಷನ್ ಬಳಗದ ಈ ವರ್ಷದ ಪ್ರಶಸ್ತಿಗೆ ನಿನ್ನ ಕಥೆಯೂ ನಿಂತಿದೆ, ಗೆಳತಿಯರೆಲ್ಲ ಆಗಲೇ ವೋಟು ಕೇಳುತ್ತಿದ್ದಾರೆ, ‘ನಾನೂ ಕೇಳಲಾ ದೊಡ್ಡಮ್ಮ?’ ಅಂತ ಬರೆದಿದ್ದೀಯ. ಕೇಳಬೇಡ. ನಿನ್ನ ಓರಗೆಯ ಇನ್ನೆಷ್ಟೋ ಮಕ್ಕಳಿಗೆ ಇದೇ ಪ್ರಶ್ನೆ ಇದ್ದೀತು ಎಂದು ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಹ್ಯಾರಿ ಪಾಟರ್‌ನ ನಾಲ್ಕನೆಯ ಪುಸ್ತಕ ಬಂದದ್ದು 2000ದಲ್ಲಿ, ಐದನೆಯದು 2003ರಲ್ಲಿ. ನಡುವಿನ ಮೂರು ವರ್ಷ ಕಾಯಲಾರದೆ ಮುಂದಿನ ಕಥೆಯನ್ನು ಫ್ಯಾನ್ ಫಿಕ್ಷನ್ ಆಗಿ ತಾವೇ ಬರೆದುಕೊಂಡವರಲ್ಲಿ ನಾನೂ ಒಬ್ಬಳು. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಟೈಪ್ ಮಾಡುತ್ತಿದ್ದೆ. ನಮ್ಮ ಪುಟ್ಟ ಗುಂಪಿನಲ್ಲೂ ಓದುಗರ ಮತದ ಮೇಲೆ ಪ್ರಶಸ್ತಿ ಕೊಡುತ್ತಿದ್ದರು. ಒಂದು ವರ್ಷ ಅದು ನನಗೆ ಬಂತು. ಅದೇ ವಿಭಾಗದಲ್ಲಿ ಇನ್ನೊಬ್ಬಳಿದ್ದಳು, ಹಾಗ್ವಾರ್ಟ್ಸ್‌ನ ಗ್ರಂಥಪಾಲಕಿ ಮೇಡಂ ಪಿನ್ಸ್ ಬಗ್ಗೆ ಬರೆಯುತ್ತಿದ್ದವಳು. ಅವಳ ಬರವಣಿಗೆಯ ಮುಂದೆ ನನ್ನದು ಏನೂ ಅಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು. ಅವಳಿಗೆ ಬಿದ್ದದ್ದು ನಾಲ್ಕು ಮತ. ಯಾರಿಗೆ ಎಷ್ಟು ಎಂದು ಎಲ್ಲರಿಗೂ ಕಾಣುವಂತೆ ಹಾಕಿದ್ದರು. ಅವಳು ಮತ್ತೆ ಬರೆಯಲಿಲ್ಲ. ಆ ನಾಲ್ಕರಲ್ಲಿ ನನ್ನದೂ ಇರಲಿಲ್ಲ ಪುಟ್ಟಿ. ನನ್ನ ಮತವನ್ನು ನನಗೇ ಹಾಕಿಕೊಂಡಿದ್ದೆ.

ಮತ ಎಣಿಸಿದರೆ ಒಂದು ಕಥೆ ಎಷ್ಟು ಜನರ ಕಣ್ಣಿಗೆ ಬಿದ್ದಿದೆ ಎಂಬುದು ಗೊತ್ತಾಗುತ್ತದೆ. ಹೇಗಿದೆ ಎಂಬುದು ಗೊತ್ತಾಗುವುದಿಲ್ಲ. ನೀನು ಬರೆಯುವ ‘ಆರ್ಕೈವ್ ಆಫ್ ಅವರ್ ಓನ್’ ಜಾಲತಾಣದಲ್ಲೇ ನೋಡು. ಹ್ಯಾರಿ–ಡ್ರೇಕೋ ಜೋಡಿಯ ಹಳೆಯ ಕಥೆಗೆ ವರ್ಷ ವರ್ಷವೂ ಓದುಗರು ಮೆಚ್ಚಿ ಒತ್ತುವ ಕುಡೋಸ್ ಸೇರುತ್ತಲೇ ಹೋಗುತ್ತದೆ. ಕುಡೋಸ್ ಲೆಕ್ಕದಲ್ಲಿ ಪಟ್ಟಿ ಜೋಡಿಸಿದರೆ ಅದೇ ಮೇಲೆ, ಮೇಲಿರುವುದರಿಂದ ಮತ್ತಷ್ಟು ಓದುಗರು. ಈಗಾಗಲೇ ತುಂಬಿದ ಕೆರೆಗೇ ಮತ್ತೆ ಮಳೆ. ಪ್ರಶಸ್ತಿಯೂ ಅಲ್ಲಿಗೇ ಹೋದರೆ ಬಳಗಕ್ಕೆ ಹೊಸದಾಗಿ ಏನು ಸಿಕ್ಕಿತು?

ಮತದಾನದ ನಿಯಮ ಬಿಗಿ ಮಾಡಿದರೆ ಸಾಕು ಅನ್ನುವವರಿದ್ದಾರೆ. ವಿಶ್ವ ವಿಜ್ಞಾನಕಥಾ ಸಮ್ಮೇಳನದ ಸದಸ್ಯರೇ ಮತ ಹಾಕುವ ಹ್ಯೂಗೋ ಪ್ರಶಸ್ತಿಗೆ 1953ರಿಂದ ಪಳಗಿದ ನಿಯಮಗಳಿವೆ. ಆದರೂ 2015ರಲ್ಲಿ ಕೆಲವರು ಮೊದಲೇ ಹೆಸರುಗಳ ಪಟ್ಟಿ ಮಾಡಿ ಹಂಚಿ, ಹಲವು ವಿಭಾಗಗಳ ನಾಮನಿರ್ದೇಶನವನ್ನೇ ತುಂಬಿಬಿಟ್ಟರು. ಉಳಿದ ಸದಸ್ಯರು ಐದು ವಿಭಾಗಗಳಲ್ಲಿ ‘ಯಾರಿಗೂ ಪ್ರಶಸ್ತಿ ಬೇಡ’ ಎಂದು ಮತ ಹಾಕಬೇಕಾಯಿತು.

ಮತದಿಂದ ಒಳ್ಳೆಯದೇ ಆಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. 2019ರಲ್ಲಿ ಡಬ್ಲಿನ್‌ನಲ್ಲಿ ಇದೇ ಹ್ಯೂಗೋ ನಿನ್ನ ಆರ್ಕೈವ್‌ಗೆ ಬಂತು. ಅದನ್ನು ಸ್ವೀಕರಿಸಿದ ಕಾದಂಬರಿಕಾರ್ತಿ ನವೋಮಿ ನೋವಿಕ್ ಸಭಾಂಗಣದ ದೀಪ ಹಾಕಿಸಿ, ಇದು ತಮ್ಮ ಬಳಗ ಎನ್ನುವವರೆಲ್ಲ ಎದ್ದು ನಿಲ್ಲಿ ಎಂದರು. ಅದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಅಲ್ಲಿ ಗೆದ್ದವರ ಪಕ್ಕದಲ್ಲಿ ಸೋತು ಕೂತ ಬಳಗದವರು ಯಾರೂ ಇರಲಿಲ್ಲ.

ನಿಮ್ಮ ಪ್ರಶಸ್ತಿ ನಡೆಸುವವರಿಗೆ ಹೇಳಲು ನಿನಗೆ ಧೈರ್ಯ ಬಂದರೆ ಯೂಲ್‌ಟೈಡ್ ಬಗ್ಗೆ ಹೇಳು. 2003ರಲ್ಲಿ ಶುರುವಾದ ಕಥೆಗಳ ವಿನಿಮಯ ಅದು. ಹೆಚ್ಚು ಜನ ಫ್ಯಾನ್ ಫಿಕ್ಷನ್ ಬರೆಯದ ಪುಸ್ತಕ, ಸಿನಿಮಾ ಮೊದಲಾದವುಗಳಿಗಷ್ಟೇ ಅಲ್ಲಿ ಜಾಗ. ಯಾರೋ ಆಸೆಪಟ್ಟು ಕೇಳಿದ ಕಥೆಯನ್ನು ಕನಿಷ್ಠ 1000 ಪದಗಳಲ್ಲಿ ಬರೆದು ಉಡುಗೊರೆ ಕೊಡಬೇಕು. ಡಿಸೆಂಬರ್ 25ಕ್ಕೆ ಕಥೆಗಳು ತೆರೆಯುತ್ತವೆ, ಬರೆದವರ ಹೆಸರು ಜನವರಿ 1ರವರೆಗೆ ಗುಟ್ಟು. ಆ ಒಂದು ವಾರ ಕಥೆಯನ್ನು ಕಥೆಯಾಗಿಯೇ ಓದುತ್ತಾರೆ. ಮೇಡಂ ಪಿನ್ಸ್ ಹುಡುಗಿಗೆ ಅಂಥ ಒಂದು ವಾರ ಸಿಕ್ಕಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಹೆಸರು ವಾಪಸ್ ತೆಗೆದುಕೊಳ್ಳಬೇಕಿಲ್ಲ. ಆದರೆ ವೋಟು ಕೇಳುತ್ತಾ ಕಳೆಯಬಹುದಾಗಿದ್ದ ಸಂಜೆಗಳಲ್ಲಿ ನಿನ್ನ ವಿಭಾಗದ ಉಳಿದ ಕಥೆಗಳನ್ನು ಓದು. ಕಡಿಮೆ ಕುಡೋಸ್ ಇರುವುದರಿಂದ ಶುರುಮಾಡು. ‘ಸೂಪರ್’ ಎಂದು ಬರೆದು ಬಿಡಬೇಡ, ಯಾವ ಸಾಲಿನಲ್ಲಿ ನಿಂತೆ, ಯಾಕೆ ನಿಂತೆ ಎಂದು ಬರೆ.

ನಾನು ನಿನ್ನ ಕಥೆಯಲ್ಲಿ ನಿಂತದ್ದು ಮೂರನೆಯ ಅಧ್ಯಾಯದಲ್ಲಿ. ಹ್ಯಾರಿಯ ಸಹಪಾಠಿ ನೆವಿಲ್‌ನ ಅಜ್ಜಿ ಆಸ್ಪತ್ರೆಯಲ್ಲಿ ಮಗ-ಸೊಸೆಯನ್ನು ನೋಡಿಕೊಂಡು ಮನೆಗೆ ಬಂದು, ತಾನು ಸದಾ ಹಾಕುವ ಆ ರಣಹದ್ದಿನ ಟೋಪಿಯನ್ನು ಕಳಚಿ ಮಗನ ಖಾಲಿ ಹಾಸಿಗೆಯ ಮೇಲೆ ಇಡುತ್ತಾಳಲ್ಲ, ಅಲ್ಲಿ. ಅಲ್ಲೇ ಯಾಕೆ ಇಟ್ಟಳು? ಬರೆಯುವಾಗ ನಿನಗೆ ಗೊತ್ತಿತ್ತಾ? ಮುಂದಿನ ಪತ್ರದಲ್ಲಿ ಹೇಳು.

ನಿನ್ನ
ದೊಡ್ಡಮ್ಮ