ಈಜಿದ್ದು ಈಜುಗಾರನೋ, ಈಜುಡುಗೆಯೋ?

ಮಕ್ಕಳೇ, ನೀರು ತುಂಬಿದ ತೊಟ್ಟಿಯಲ್ಲಿ ಅಂಗೈ ಅಗಲಿಸಿ ಜೋರಾಗಿ ಬೀಸಿ ನೋಡಿ. ನೀರು ಕೈಯನ್ನು ತಡೆಯುತ್ತದೆ, ಅಲ್ಲವೆ? ಈಗ ಕಿರುಬೆರಳಿನ ಅಂಚು ಮುಂದಾಗುವಂತೆ ಕೈ ತಿರುಗಿಸಿ ಬೀಸಿ. ಕೈ ಸುಲಭವಾಗಿ ಸಾಗುತ್ತದೆ. ಗಾಳಿಯಲ್ಲಿ ಕೈ ಬೀಸಿದರೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಏಕೆಂದರೆ ನೀರಿನ ಸಾಂದ್ರತೆ ಗಾಳಿಯ ಸಾಂದ್ರತೆಯ ಸುಮಾರು 800 ಪಟ್ಟು ಹೆಚ್ಚು. ನೀರು ಒಡ್ಡುವ ಈ ತಡೆಗೆ ‘ಪ್ರತಿರೋಧ’ ಎಂದು ಹೆಸರು.

ಈಜುಗಾರನ ಶಕ್ತಿ ಬಹುಪಾಲು ಖರ್ಚಾಗುವುದು ಈ ಪ್ರತಿರೋಧವನ್ನು ಎದುರಿಸಲು. ಹಾಗಾದರೆ ತೊಡುವ ಉಡುಪಿನಿಂದಲೇ ಅದನ್ನು ಕಡಿಮೆ ಮಾಡಬಹುದೆ? ಹಾಗೆ ಮಾಡುವುದು ಸರಿಯೆ? 2008 ಮತ್ತು 2009ರಲ್ಲಿ ಇಡೀ ಈಜು ಜಗತ್ತು ಈ ಎರಡು ಪ್ರಶ್ನೆಗಳನ್ನು ಎದುರಿಸಬೇಕಾಯಿತು.

ಮೂರು ಬಗೆಯ ತಡೆ

ಈಜುಗಾರನಿಗೆ ನೀರು ಮೂರು ಬಗೆಯಲ್ಲಿ ತಡೆ ಒಡ್ಡುತ್ತದೆ.

1. ಚರ್ಮ ಮತ್ತು ಬಟ್ಟೆಗೆ ನೀರು ಉಜ್ಜುವುದರಿಂದ ಆಗುವ ಘರ್ಷಣೆ.
2. ದೇಹದ ಆಕಾರದಿಂದ ಉಂಟಾಗುವ ತಡೆ. ಅಂಗೈ ಅಗಲಿಸಿದಾಗ ನಿಮಗೆ ಅನುಭವವಾದದ್ದು ಇದೇ. ಕಾಲು ಕೆಳಗೆ ಜೋತುಬಿದ್ದರೆ ಈ ತಡೆ ಹೆಚ್ಚು. ಮೈ ನೇರವಾಗಿ, ನೀರಿನ ಮಟ್ಟಕ್ಕೆ ಸಮನಾಗಿದ್ದರೆ ಕಡಿಮೆ.
3. ಈಜುವಾಗ ಅಲೆಗಳು ಏಳುತ್ತವೆ. ಅಲೆ ಎಬ್ಬಿಸಲೂ ಶಕ್ತಿ ಬೇಕು. ಆ ಶಕ್ತಿ ಈಜುಗಾರನದೇ.

ಇನ್ನೊಂದು ವಿಷಯ. ಹಳ್ಳಿಗಳಲ್ಲಿ ಈಜು ಕಲಿಯುವವರ ಬೆನ್ನಿಗೆ ಒಣಗಿದ ಸೋರೆಬುರುಡೆ ಅಥವಾ ಬೆಂಡು ಕಟ್ಟುವುದನ್ನು ನೀವು ನೋಡಿರಬಹುದು. ಬುರುಡೆಯೊಳಗೆ ಗಾಳಿ ಇರುವುದರಿಂದ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಅದರೊಡನೆ ಕಲಿಯುವವರ ಮೈಯೂ ಮೇಲೆ ಬರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶಾರ್ಕ್ ಮೀನಿನ ಪಾಠ

ಶಾರ್ಕ್ ಮೀನಿನ ಚರ್ಮದ ಮೇಲೆ ಹಲ್ಲಿನಂಥ ಅತಿ ಸಣ್ಣ ಹುರುಪೆಗಳಿವೆ. ಅವು ಈಜಲು ನೆರವಾಗುತ್ತವೆ. ಇದನ್ನು ಅನುಕರಿಸಿ ಸ್ಪೀಡೊ ಎಂಬ ಕಂಪನಿ ತಯಾರಿಸಿದ ಮೈ ಮುಚ್ಚುವ ಉಡುಪನ್ನು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಹಲವರು ತೊಟ್ಟಿದ್ದರು. ಆದರೆ ಈ ಅನುಕರಣೆ ನಿಜವಾಗಿ ಫಲ ನೀಡಿತೆ? 2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥ ಬಟ್ಟೆಯನ್ನೂ ನಿಜವಾದ ಶಾರ್ಕ್ ಚರ್ಮವನ್ನೂ ನೀರಿನಲ್ಲಿ ಪರೀಕ್ಷಿಸಿದರು. ಮೀನಿನಂತೆ ಬಳುಕಿಸಿದಾಗ ಶಾರ್ಕ್ ಚರ್ಮ ವೇಗವನ್ನು ಹೆಚ್ಚಿಸಿತು. ಬಟ್ಟೆಯ ಮೇಲಿನ ಗೆರೆಗಳಿಂದ ಅಂಥ ಲಾಭ ಕಾಣಲಿಲ್ಲ. ನೋಡಲು ಒಂದೇ ರೀತಿ ಇದ್ದರೆ ಕೆಲಸವೂ ಒಂದೇ ಆಗಬೇಕೆಂದಿಲ್ಲ!

ಹೊಸ ಉಡುಪು ಬಂತು

2008ರ ಫೆಬ್ರವರಿಯಲ್ಲಿ ಅದೇ ಕಂಪನಿ ‘ಎಲ್‌ಝಡ್‌ಆರ್ ರೇಸರ್’ ಎಂಬ ಉಡುಪನ್ನು ಹೊರತಂದಿತು. ಇದಕ್ಕೆ ಬಟ್ಟೆ ಆರಿಸಲು ಅಮೆರಿಕದ ನಾಸಾ ಸಂಸ್ಥೆಯ ಗಾಳಿಸುರಂಗದಲ್ಲಿ ಪರೀಕ್ಷೆ ನಡೆದಿತ್ತು. ನೀರಿನ ಉಡುಪಿಗೆ ಗಾಳಿಯಲ್ಲಿ ಪರೀಕ್ಷೆಯೆ? ಹೌದು. ಗಾಳಿ, ನೀರು ಎರಡೂ ಹರಿಯುವ ವಸ್ತುಗಳೇ. ಎರಡರ ಹರಿವಿಗೂ ಅನ್ವಯಿಸುವ ನಿಯಮಗಳು ಒಂದೇ.

ಈ ಉಡುಪಿಗೆ ದಾರದ ಹೊಲಿಗೆ ಇರಲಿಲ್ಲ. ಶ್ರವಣಾತೀತ ಶಬ್ದದ ಅಲೆಗಳಿಂದ ಅಂಚುಗಳನ್ನು ಬೆಸೆದಿದ್ದರು. ಹೊಲಿಗೆಯ ಉಬ್ಬು ಇಲ್ಲದ ಕಾರಣ ಘರ್ಷಣೆ ಕಡಿಮೆ. ಬಟ್ಟೆಯ ಮೇಲೆ ಅಲ್ಲಲ್ಲಿ ನೀರು ಹೀರದ ಪಾಲಿಯುರೆಥೇನ್ ಹಾಳೆಗಳಿದ್ದವು. ಉಡುಪು ಎಷ್ಟು ಬಿಗಿ ಎಂದರೆ ಅದನ್ನು ತೊಡಲು 20 ನಿಮಿಷಕ್ಕೂ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಆ ಬಿಗಿತ ಮೈಯನ್ನು ಒತ್ತಿ ನುಣುಪಾದ ಕೊಳವೆಯಂತೆ ಮಾಡುತ್ತಿತ್ತು. ದಣಿದಾಗಲೂ ಸೊಂಟ ಕುಸಿಯದಂತೆ ಹಿಡಿದಿಡುತ್ತಿತ್ತು.

ಅದೇ ವರ್ಷದ ಬೀಜಿಂಗ್ ಒಲಿಂಪಿಕ್ಸ್‌ನ ಈಜುಕೊಳದಲ್ಲಿ 25 ವಿಶ್ವದಾಖಲೆಗಳಾದವು. ಅವುಗಳಲ್ಲಿ 23 ಈ ಉಡುಪು ತೊಟ್ಟವರದು!

ಬೇರೆ ಕಂಪನಿಗಳು ಸುಮ್ಮನಿರಲಿಲ್ಲ. ಪೂರ್ತಿ ಪಾಲಿಯುರೆಥೇನ್‌ನಿಂದಲೇ ಮಾಡಿದ ಉಡುಪುಗಳು ಬಂದವು. ಅವು ಗಾಳಿಯನ್ನು ಹಿಡಿದಿಟ್ಟುಕೊಂಡು ಮೈಯನ್ನು ಮೇಲೆತ್ತುತ್ತವೆ ಎಂಬ ದೂರು ಎದ್ದಿತು. ಸೋರೆಬುರುಡೆ ನೆನಪಾಯಿತೆ? ಕೆಲವರಂತೂ ಒಂದರ ಮೇಲೊಂದು ಎರಡು ಉಡುಪು ಹಾಕಿಕೊಂಡು ಸ್ಪರ್ಧಿಸಿದರು.

ರೋಮ್‌ನಲ್ಲಿ ಏನಾಯಿತು?

2009ರಲ್ಲಿ ಇಟಲಿಯ ರೋಮ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ 43 ವಿಶ್ವದಾಖಲೆಗಳಾದವು. ಜರ್ಮನಿಯ ಪಾಲ್ ಬೀಡರ್‌ಮನ್ ಬೀಜಿಂಗ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಐದನೆಯವರಾಗಿದ್ದರು. ಆಗ ಅವರು ತೆಗೆದುಕೊಂಡ ಸಮಯ 1 ನಿಮಿಷ 46.00 ಸೆಕೆಂಡು. ರೋಮ್‌ನಲ್ಲಿ ಅವರು ಪಾಲಿಯುರೆಥೇನ್ ಉಡುಪು ತೊಟ್ಟು 1 ನಿಮಿಷ 42.00 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಬೀಜಿಂಗ್‌ನಲ್ಲಿ ಎಂಟು ಚಿನ್ನ ಗೆದ್ದಿದ್ದ ಅಮೆರಿಕದ ಮೈಕೆಲ್ ಫೆಲ್ಪ್ಸ್ ಹಿಂದಿನ ವರ್ಷದ ಉಡುಪು ತೊಟ್ಟು, 1 ನಿಮಿಷ 43.22 ಸೆಕೆಂಡಿನಲ್ಲಿ ಎರಡನೆಯವರಾದರು.

ಬೀಡರ್‌ಮನ್ ಚೆನ್ನಾಗಿ ಅಭ್ಯಾಸ ಮಾಡಿದ್ದರು, ನಿಜ. ಆದರೆ ಆ ನಾಲ್ಕು ಸೆಕೆಂಡುಗಳಲ್ಲಿ ಅವರ ಶ್ರಮದ ಪಾಲೆಷ್ಟು, ಉಡುಪಿನ ಪಾಲೆಷ್ಟು? ಬಿಡಿಸಿ ಹೇಳುವುದು ಹೇಗೆ? ಉಡುಪು ನೆರವಾಯಿತೆಂದು ಸ್ವತಃ ಅವರೇ ಒಪ್ಪಿಕೊಂಡರು.

ಸರಿಯೋ, ತಪ್ಪೋ?

ಉಡುಪಿನ ಪರವಾಗಿದ್ದವರು ಹೀಗೆ ವಾದಿಸಿದರು: “ಈಜು ಕನ್ನಡಕ, ಅಲೆ ತಗ್ಗಿಸುವ ಹಗ್ಗಗಳು, ಆಳವಾದ ಕೊಳ, ಇವೆಲ್ಲ ತಂತ್ರಜ್ಞಾನವೇ ತಾನೆ? ಅವನ್ನು ಒಪ್ಪಿದ ಮೇಲೆ ಉಡುಪನ್ನು ಏಕೆ ಬೇಡ ಎನ್ನಬೇಕು?”

ವಿರೋಧಿಸಿದವರ ಉತ್ತರ ಹೀಗಿತ್ತು: “ಕೊಳ ಮತ್ತು ಹಗ್ಗದ ಲಾಭ ಎಲ್ಲ ಸ್ಪರ್ಧಿಗಳಿಗೂ ಸಮಾನ. ಉಡುಪು ಹಾಗಲ್ಲ. ಅದರ ಬೆಲೆ ನೂರಾರು ಡಾಲರ್, ಬಾಳಿಕೆ ಕಡಿಮೆ. ಕೊಳ್ಳಲಾಗದವರು ನೀರಿಗೆ ಇಳಿಯುವ ಮೊದಲೇ ಹಿಂದೆ ಬೀಳುತ್ತಾರೆ. ಅಲ್ಲದೆ ಒಂದೇ ಉಡುಪು ಎಲ್ಲರ ಮೈಗೂ ಒಂದೇ ಪ್ರಮಾಣದಲ್ಲಿ ನೆರವಾಗುವುದಿಲ್ಲ.”

ಕೊನೆಗೆ ಫಿನಾ ಎಂಬ ಅಂತರರಾಷ್ಟ್ರೀಯ ಈಜು ಸಂಸ್ಥೆ (ಅದರ ಈಗಿನ ಹೆಸರು ವರ್ಲ್ಡ್ ಅಕ್ವಾಟಿಕ್ಸ್) 2010ರ ಜನವರಿ 1ರಿಂದ ಹೊಸ ನಿಯಮ ತಂದಿತು. ಉಡುಪು ಬಟ್ಟೆಯದೇ ಆಗಿರಬೇಕು. ಪುರುಷರಿಗೆ ಹೊಕ್ಕುಳಿನಿಂದ ಮೊಣಕಾಲಿನವರೆಗೆ, ಮಹಿಳೆಯರಿಗೆ ಭುಜದಿಂದ ಮೊಣಕಾಲಿನವರೆಗೆ ಮಾತ್ರ ಇರಬೇಕು. ಆದರೆ ಹಳೆಯ ದಾಖಲೆಗಳನ್ನು ಅಳಿಸಲಿಲ್ಲ.

ಪರಿಣಾಮವೇನು? 2010ರಲ್ಲಿ 50 ಮೀಟರ್ ಉದ್ದದ ಕೊಳದಲ್ಲಿ ಒಂದೂ ವಿಶ್ವದಾಖಲೆ ಆಗಲಿಲ್ಲ. ಆದರೂ ಈಜುಗಾರರು ಕೈಚೆಲ್ಲಲಿಲ್ಲ. ತಿರುವು, ನೀರೊಳಗಿನ ಒದೆತ, ಮೈಯ ಭಂಗಿ ಎಲ್ಲವನ್ನೂ ತಿದ್ದಿಕೊಂಡರು. ರೋಮ್‌ನಲ್ಲಿ ಬೀಡರ್‌ಮನ್ ಸ್ಥಾಪಿಸಿದ್ದ 400 ಮೀಟರ್ ಫ್ರೀಸ್ಟೈಲ್ ದಾಖಲೆಯನ್ನು 2025ರಲ್ಲಿ ಜರ್ಮನಿಯವರೇ ಆದ ಲ್ಯೂಕಾಸ್ ಮೇರ್ಟೆನ್ಸ್ ಮುರಿದರು. ಬಟ್ಟೆಯ ಉಡುಪಿನಲ್ಲಿ ಅದನ್ನು ದಾಟಲು ಸುಮಾರು 16 ವರ್ಷ ಬೇಕಾಯಿತು!

ಮಾಡಿ ನೋಡಿ

ಜೇಡಿಮಣ್ಣಿನ ಮೂರು ಸಮ ಉಂಡೆ ಮಾಡಿ. ಒಂದನ್ನು ಹಾಗೇ ಬಿಡಿ. ಇನ್ನೊಂದನ್ನು ರೊಟ್ಟಿಯಂತೆ ತಟ್ಟಿ. ಮತ್ತೊಂದನ್ನು ಮೂಲಂಗಿಯಂತೆ ಉದ್ದಗೆ ಮಾಡಿ. ನೀರು ತುಂಬಿದ ಎತ್ತರದ ಪಾತ್ರೆಯಲ್ಲಿ ಒಂದೊಂದನ್ನೇ ಬಿಡಿ. ರೊಟ್ಟಿಯನ್ನು ಮಟ್ಟಸವಾಗಿ, ಮೂಲಂಗಿಯನ್ನು ನೇರವಾಗಿ ಬಿಡಬೇಕು. ಯಾವುದು ಬೇಗ ತಳ ಮುಟ್ಟಿತು? ಏಕೆ?

ಯೋಚಿಸಿ

1. ಬೀಡರ್‌ಮನ್ ಗುರಿ ಮುಟ್ಟಿದಾಗ ಫೆಲ್ಪ್ಸ್ ಎಷ್ಟು ಮೀಟರ್ ಹಿಂದಿದ್ದರು? (ಸುಳಿವು: 200 ಮೀಟರ್ ದೂರವನ್ನು 103.22ರಿಂದ ಭಾಗಿಸಿ. ಬಂದ ವೇಗವನ್ನು 1.22ರಿಂದ ಗುಣಿಸಿ.)
2. ನಿಮ್ಮ ಶಾಲೆಯ ಓಟದ ಸ್ಪರ್ಧೆಯಲ್ಲಿ ಕೆಲವರಿಗೆ ಮಾತ್ರ ಬೂಟು ಇದ್ದರೆ ನೀವು ಯಾವ ನಿಯಮ ಮಾಡುತ್ತೀರಿ? ಗೆಳೆಯರೊಡನೆ ಚರ್ಚಿಸಿ.

ಎಚ್ಚರಿಕೆ: ಈಜು ಬಲ್ಲ ದೊಡ್ಡವರು ಜೊತೆಗಿಲ್ಲದೆ ಕೆರೆ, ಬಾವಿ, ನಾಲೆಗೆ ಇಳಿಯಬೇಡಿ.

(ಮೊದಲ ಪ್ರಶ್ನೆಯ ಉತ್ತರ: ಸುಮಾರು 2.4 ಮೀಟರ್)